ಖಾಲಿ ಕುರ್ಚಿಗೆ ಹೊಂದಿಸಿದ ಧ್ವನಿ

ಆ ಕುರ್ಚಿಯಲ್ಲಿ ಕೂರುವವರ ಕಿವಿ ನೆಲದಿಂದ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ನಾನು ಕೇಳಿದೆ. ಹೋಮ್ ಥಿಯೇಟರ್ ಕೂರಿಸುವ ಪ್ರತಿ ಮನೆಯಲ್ಲೂ ನಾನು ಕೇಳುವ ನಾಲ್ಕನೆಯ ಪ್ರಶ್ನೆ ಅದು. ಕೋಣೆಯ ಅಳತೆ, ಟಿವಿ ಇರುವ ಗೋಡೆ, ಮುಖ್ಯವಾಗಿ ಕೂರುವ ಜಾಗ, ಅಲ್ಲಿ ಕೂರುವವರ ಕಿವಿ. ಮನೆಯ ಮಗ ಕುರ್ಚಿಯ ಪಕ್ಕದಲ್ಲಿ ನಿಂತರು. ಆಮೇಲೆ ಅಂಗೈಯನ್ನು ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸಿ ಒಂದು ಕಡೆ ನಿಲ್ಲಿಸಿದರು.

“ಅಪ್ಪಾರ ಕಿವಿ ಇಲ್ಲಿಗೆ ಬರತೈತ್ರಿ.”

ಟೇಪು ಹಿಡಿದೆ. ನಲವತ್ತೆರಡು ಇಂಚು. ಡೈರಿಯಲ್ಲಿ ಬರೆದುಕೊಂಡೆ.

ನಾನು ಶಿಗ್ಗಾಂವಿಯ ಒಂದು ಟಿವಿ ಅಂಗಡಿಯಲ್ಲಿ ಧ್ವನಿಯ ಕೆಲಸ ನೋಡಿಕೊಳ್ಳುತ್ತೇನೆ. ಗಿರಾಕಿಗಳಿಗೆ ಸೆಟ್ ಕೇಳಿಸಿ ತೋರಿಸುವುದು, ಮನೆಗೆ ಹೋಗಿ ಕೂರಿಸುವುದು, ತಕರಾರು ಬಂದರೆ ಮತ್ತೆ ಹೋಗುವುದು. ಹೋದ ದಿನ, ಮಾಡಿದ ಅಳತೆ, ಆದ ತಪ್ಪು ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವುದು ನನ್ನ ರೂಢಿ. ಸವಣೂರಿನ ಈ ಮನೆಗೆ ಡೈರಿಯಲ್ಲಿ ಹನ್ನೊಂದು ಪುಟ ಹೋಗಿವೆ. ಹತ್ತೊಂಬತ್ತು ದಿನ, ನಾಲ್ಕು ಭೇಟಿ.

ಮಗ ಅಂಗಡಿಗೆ ಬಂದಾಗ ಕೇಳಿದ್ದು ಒಂದೇ ಮಾತು. ಅವರ ತಾಯಿಗೆ ಬಲಗಿವಿ ಚಿಕ್ಕಂದಿನಿಂದಲೂ ಕೇಳುವುದಿಲ್ಲ, ಎಡಗಿವಿ ಅರ್ಧಮರ್ಧ. ಮೊದಲು ದಿನಾ ಟಿವಿ ಮುಂದೆ ಕೂರುತ್ತಿದ್ದರು, ಈಗ ಕೂರುವುದಿಲ್ಲ. ಮನೆಯಲ್ಲಿ ಯಾರೊಂದಿಗೂ ಮಾತಿಲ್ಲ. ಕಿವಿಯ ಮಷೀನು ಕೊಡಿಸಿದರೆ ಅದು ಕುಯ್‌ಗುಡುತ್ತದೆಂದು ತೆಗೆದು ಡಬ್ಬಿಯಲ್ಲಿ ಹಾಕಿದ್ದಾರೆ. ಹೆಡ್‌ಫೋನ್ ಹಾಕಿಕೊಳ್ಳಲು ಒಪ್ಪುವುದಿಲ್ಲ. “ನಮ್ಮವ್ವಗ ಮಾತು ಕೇಳಬೇಕ್ರಿ, ಅಷ್ಟ,” ಎಂದರು. ನಾನು ಮೂರು ಸೆಟ್ ಕೇಳಿಸಿದೆ. ಟಿವಿಯ ಕೆಳಗೆ ಇಡುವ ಉದ್ದನೆಯ ಸೌಂಡ್‌ಬಾರ್ ಒಂದು, ಎರಡು ಸ್ಪೀಕರಿನ ಜೋಡಿ ಒಂದು, ಐದು ಸ್ಪೀಕರ್ ಮತ್ತು ತಗ್ಗಿನ ಗುಡುಗಿಗೆಂದೇ ವೂಫರ್ ಇರುವ ಪೂರ್ಣ ಸೆಟ್ ಒಂದು. ಐದರ ಸೆಟ್ಟಿನಲ್ಲಿ ಮಾತಿಗೆಂದೇ ನಡುವೆ ಬೇರೆ ಸ್ಪೀಕರ್ ಇರುತ್ತದೆ. ಹಾಗಾಗಿ ಅದನ್ನೇ ಹೇಳಿದೆ. ಅವರೂ ಒಪ್ಪಿದರು. ಇದು ನನ್ನ ಮೊದಲ ತಪ್ಪು. ಕೇಳಬೇಕಾದವರ ಕಿವಿಯನ್ನು ನೋಡದೆಯೇ ನಾನು ಸೆಟ್ ಆರಿಸಿದ್ದೆ.

ಮೊದಲ ಭೇಟಿ ಭಾನುವಾರ. ಮನೆಯ ಹಾಲ್ ಹದಿನಾರು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಕೆಳಗೆ ನುಣುಪು ಟೈಲ್ಸು, ಮೇಲೆ ಸ್ಲ್ಯಾಬು. ವೈರಿನ ಕೆಲಸಕ್ಕೆಂದು ಗೋಡೆಯ ಮೇಲಿನ ಫೋಟೊಗಳನ್ನೆಲ್ಲ ಇಳಿಸಿಟ್ಟಿದ್ದರು. ಚಪ್ಪಾಳೆ ಹೊಡೆದರೆ ಸದ್ದು ಗೋಡೆಯಿಂದ ಗೋಡೆಗೆ ಓಡುತ್ತಿತ್ತು. ಟಿವಿಗೆ ನೇರವಾಗಿ ಒಂಬತ್ತು ಅಡಿ ದೂರದಲ್ಲಿ ಕಟ್ಟಿಗೆಯ ಕೈಕುರ್ಚಿ, ಅದರ ಕೈಯ ಮೇಲೆ ಮಡಚಿಟ್ಟ ಟವೆಲು. ಟವೆಲು ಸರಿಸಲು ಹೋದಾಗ ಸೊಸೆ ಅಡುಗೆಮನೆಯ ಬಾಗಿಲಿಂದ ಹಾಗೇ ಇರಲಿ ಎಂದರು. ಆ ಮನೆಯ ಯಜಮಾನರು ಹೊಲಕ್ಕೋ ಪೇಟೆಗೋ ಹೋಗಿರಬೇಕು ಎಂದುಕೊಂಡೆ.

ಈ ಸೆಟ್ಟಿನ ಜೊತೆ ಒಂದು ಸಣ್ಣ ಮೈಕು ಬರುತ್ತದೆ. ಅದನ್ನು ಮುಖ್ಯ ಜಾಗದಲ್ಲಿ ಕಿವಿಯ ಎತ್ತರಕ್ಕೆ ನಿಲ್ಲಿಸಿದರೆ ಪ್ರತಿಯೊಂದು ಸ್ಪೀಕರೂ ಸರದಿಯಂತೆ ಕೂಗುತ್ತದೆ. ತಗ್ಗಿನ ಗುಡುಗಿನಿಂದ ಹಿಡಿದು ಸೀಟಿಯ ತನಕ. ಮೈಕು ಕೇಳಿಸಿಕೊಂಡದ್ದನ್ನು ಲೆಕ್ಕ ಹಾಕಿ, ಐದೂ ಸ್ಪೀಕರಿನ ಧ್ವನಿ ಆ ಒಂದು ಜಾಗಕ್ಕೆ ಒಂದೇ ಹೊತ್ತಿಗೆ, ಒಂದೇ ತೂಕದಲ್ಲಿ ಮುಟ್ಟುವಂತೆ ಸೆಟ್ಟು ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಬೇರೆ ಜಾಗಗಳಿಗೆ ಉಳಿದದ್ದು ಸಿಗುತ್ತದೆ. ಮೈಕಿನ ಸ್ಟ್ಯಾಂಡನ್ನು ಕುರ್ಚಿಯ ಮೇಲೆ ನಲವತ್ತೆರಡು ಇಂಚಿಗೆ ನಿಲ್ಲಿಸಿ, ಎಲ್ಲರೂ ಸುಮ್ಮನಿರಬೇಕೆಂದು ಹೇಳಿ ಬಟನ್ ಒತ್ತಿದೆ.

ಆಗ ತಾಯಿ ಹಿತ್ತಲಿನಿಂದ ಬಂದು ಹಾಲ್‌ನ ಅಂಚಿನಲ್ಲಿ ನಿಂತರು. ಅವರು ನನ್ನನ್ನು ನೋಡಲಿಲ್ಲ. ಕುರ್ಚಿಯಲ್ಲಿ ಒಂಟಿ ಕಾಲಿನ ಮೇಲೆ ನಿಂತಿದ್ದ ಮೈಕನ್ನು ನೋಡುತ್ತಿದ್ದರು. ಆರು ನಿಮಿಷದ ಪರೀಕ್ಷೆ ಮುಗಿಯುವವರೆಗೂ ಹಾಗೇ ನಿಂತಿದ್ದರು.

ಆಮೇಲೆ ಕುರ್ಚಿಯ ಬಲಕ್ಕೆ, ನೆಲದ ಮೇಲೆ ಚಾಪೆ ಹಾಸಿ ಕುಳಿತರು. ಸುದ್ದಿ ಹಚ್ಚಿದೆ. ಕುರ್ಚಿಯ ಹಿಂದೆ ಬಗ್ಗಿ ನಿಂತು ಕೇಳಿದರೆ ಪ್ರತಿ ಅಕ್ಷರವೂ ಬಿಡಿಬಿಡಿಯಾಗಿತ್ತು. ಕೇಳುತ್ತದೆಯೇ ಎಂದು ಮಗ ಕೂಗಿ ಕೇಳಿದರು. ತಾಯಿ ಹೂಂ ಎಂದು ತಲೆ ಆಡಿಸಿದರು. ಕೆಲಸ ಆಯಿತೆಂದು ಬರೆದು ಹೊರಟೆ. ಕಿವಿ ಕೇಳದವರು ಎಲ್ಲದಕ್ಕೂ ತಲೆ ಆಡಿಸುತ್ತಾರೆ ಎಂಬುದು ನನಗೆ ಗೊತ್ತಿರಬೇಕಿತ್ತು.

ಗುರುವಾರ ಮಗ ಫೋನ್ ಮಾಡಿದರು. ಸೆಟ್ ಹಚ್ಚಿದರೆ ತಾಯಿ ಎದ್ದು ಬಾಗಿಲಿಗೆ ಹೋಗುತ್ತಾರೆ, ಬಂದು ಕೂರುತ್ತಾರೆ, ಮತ್ತೆ ಹೋಗುತ್ತಾರೆ, ಏನೋ ತಪ್ಪಾಗಿದೆ ಎಂದರು. ಮರುದಿನ ಮಧ್ಯಾಹ್ನ ಹೋದೆ. ಮಗ ಕೆಲಸಕ್ಕೆ ಹೋಗಿದ್ದರು, ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದರು. ಯಾವುದೋ ಧಾರಾವಾಹಿ ಹಚ್ಚಿ ನಾನು ಮೂಲೆಯಲ್ಲಿ ನಿಂತೆ. ಎರಡು ನಿಮಿಷದಲ್ಲಿ ಹಿನ್ನೆಲೆ ಸಂಗೀತದ ಜೊತೆ ವೂಫರ್ ಗುದ್ದಿತು. ಧಡ್, ಸ್ವಲ್ಪ ತಡೆದು ಧಡ್. ತಾಯಿ ಎರಡೂ ಅಂಗೈಗಳನ್ನು ಟೈಲ್ಸಿನ ಮೇಲೆ ಊರಿದರು. ತಲೆ ಬಾಗಿಲ ಕಡೆ ತಿರುಗಿತು.

“ಯಾರ ಬಂದ್ರು ನೋಡವಾ.”

ಸೊಸೆ ಯಾರೂ ಇಲ್ಲ ಎಂದು ಕೈಯಾಡಿಸಿದರು. ತಾಯಿ ಆದರೂ ಎದ್ದು ಹೋಗಿ ಬಾಗಿಲಲ್ಲಿ ನಿಂತು ಓಣಿಯ ಎರಡೂ ತುದಿ ನೋಡಿ ಬಂದರು.

ಅಡುಗೆಮನೆಯಲ್ಲಿ ಚಹಾ ಕೊಡುತ್ತಾ ಸೊಸೆ ಹೇಳಿದರು. ಅತ್ತೆಗೆ ಜನ ಬರುವುದು ಹೋಗುವುದು ತಿಳಿಯುವುದು ನೆಲದಿಂದ. ಮಾವ ಭಾರೀ ಆಳು, ಮೊಣಕಾಲು ನೋವಿನಿಂದ ಒಂದು ಹೆಜ್ಜೆ ಜೋರಾಗಿ ಊರಿ, ತಡೆದು, ಇನ್ನೊಂದು ಊರುತ್ತಿದ್ದರು. ಅವರು ಹೊಸ್ತಿಲು ದಾಟಿದರೆ ಅತ್ತೆ ಒಳಗಿನಿಂದಲೇ ನೀರಿನ ತಂಬಿಗೆ ತುಂಬುತ್ತಿದ್ದರು. “ಮಾವಾರು ತೀರಿಕೊಂಡು ಏಳ ತಿಂಗಳಾತ್ರಿ. ವರ್ಷದ ಕಾರ್ಯ ಆಗೂಮಟಾ ಆ ಕುರ್ಚಿಮ್ಯಾಲ ಯಾರೂ ಕುಂಡ್ರಂಗಿಲ್ಲ.”

ಚಹಾದ ಕಪ್ಪನ್ನು ಕೆಳಗಿಟ್ಟೆ. ಏಳು ತಿಂಗಳ ಹಿಂದೆ ತೀರಿಕೊಂಡವರ ಕಿವಿಗೆ ನಾನು ಐದು ಸ್ಪೀಕರುಗಳನ್ನು ಹೊಂದಿಸಿದ್ದೆ. ಆ ಹಾಲ್‌ನಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತಿದ್ದ ಜಾಗ ಒಂದೇ, ಅದರಲ್ಲಿ ಕೂರುವವರು ಯಾರೂ ಇರಲಿಲ್ಲ. ಅವರ ಹೆಂಡತಿಗೆ ಮುಟ್ಟುತ್ತಿದ್ದುದು ಅವರ ಹೆಜ್ಜೆ ಮಾತ್ರ.

ಅಂದೇ ವೂಫರಿನ ವೈರು ಕಿತ್ತೆ. ಅದನ್ನು ಚೀಲಕ್ಕೆ ಹಾಕುವಾಗ ತಾಯಿ ಬಂದು ಅದರ ಮೇಲೆ ಒಮ್ಮೆ ಕೈ ಇಟ್ಟು ನೋಡಿದರು. ಬಸ್ಸಿನಲ್ಲಿ ಶಿಗ್ಗಾಂವಿಗೆ ಬರುವಾಗ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ರಸ್ತೆಯ ಪ್ರತಿ ಕುಣಿಗೂ ಅದು ನನ್ನ ಹೊಟ್ಟೆಗೆ ತಾಗುತ್ತಿತ್ತು.

ಮುಂದಿನ ಮಂಗಳವಾರ ಮೂರನೆಯ ಭೇಟಿ. ಈ ಸಲ ಪದ್ಧತಿಯಂತೆ ಮಾಡಬೇಕೆಂದು ಹೋಗಿದ್ದೆ. ತಾಯಿ ಕೂರುವ ಚಾಪೆಯ ನಾಲ್ಕು ಮೂಲೆಗೆ ಟೈಲ್ಸಿನ ಮೇಲೆ ಟೇಪು ಅಂಟಿಸಿದೆ. ಅವರ ಕಿವಿಯ ಎತ್ತರ ಇಪ್ಪತ್ತೇಳು ಇಂಚು. ಟಿವಿಯಿಂದ ಹತ್ತು ಸಾಲು ಮಾತು ಕೇಳಿಸುವುದು, ಒಂದೊಂದು ಸಾಲಿಗೂ ನಿಲ್ಲಿಸಿ ಅವರು ಏನು ಕೇಳಿಸಿಕೊಂಡರೋ ಅದನ್ನು ಹೇಳಿಸುವುದು. ತಲೆ ಆಡಿಸಿದರೆ ಲೆಕ್ಕಕ್ಕಿಲ್ಲ. ಇದ್ದ ಸೆಟ್ಟಿನಲ್ಲಿ ಹತ್ತಕ್ಕೆ ಎರಡು. ಮೈಕನ್ನು ಅವರ ಜಾಗಕ್ಕೆ ತಂದು ಮತ್ತೆ ಹೊಂದಿಸಿದ ಮೇಲೆ ಮೂರು. ಹಿಂದಿನ ಎರಡು ಸ್ಪೀಕರ್ ಬಂದ್ ಮಾಡಿದಾಗ ನಾಲ್ಕು. ಗೋಡೆಯ ಪ್ರತಿಧ್ವನಿ ಕೊಲ್ಲಲು ಸೊಸೆಯಿಂದ ಹೊದೆಯುವ ಮೂರು ದಪ್ಪ ಕೌದಿ ಇಸಿದುಕೊಂಡು ಹಿಂದಿನ ಗೋಡೆಗೂ ಬಲಗೋಡೆಗೂ ಇಳಿಬಿಟ್ಟೆ. ಐದು. ಅಂಗಡಿಯಿಂದ ತಂದಿದ್ದ ಸೌಂಡ್‌ಬಾರ್ ಹಚ್ಚಿದೆ. ಮತ್ತೆ ನಾಲ್ಕು.

ಧ್ವನಿ ಹೆಚ್ಚು ಮಾಡಿದರೆ ತಾಯಿ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಕಮ್ಮಿ ಮಾಡಿದರೆ ಕೇಳುತ್ತಿರಲಿಲ್ಲ. ಅವರಿಗೆ ಬೇಸರವಾಗಿತ್ತು. “ನನ್ನ ಪರೀಕ್ಷಾದಾಗ ಕೂಡಿಸಿಯಲ್ಲ ತಂಗಿ, ಫೇಲಾದ್ರ ಏನ ಮಾಡ್ತಿ?” ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಾಗಾದರೆ ಮೊದಲು ಹೇಗೆ ಕೇಳುತ್ತಿದ್ದಿರಿ ಎಂದು ಎಡಗಡೆ ಬಗ್ಗಿ ಕೇಳಿದೆ. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ತಾವು ಕೇಳುತ್ತಲೇ ಇರಲಿಲ್ಲ ಎಂದರು. ಯಜಮಾನರು ಕುರ್ಚಿಯಿಂದ ಬಗ್ಗಿ ಒಂದೊಂದು ಮಾತನ್ನೂ ಅವರ ಎಡಗಿವಿಗೆ ಹೇಳುತ್ತಿದ್ದರು. ಧಾರಾವಾಹಿ, ಸುದ್ದಿ, ಬಂದವರ ಮಾತು, ಬಾಗಿಲಲ್ಲಿ ನಿಂತವರ ಮಾತು, ಎಲ್ಲ. ಮೂವತ್ತೆಂಟು ವರ್ಷ.

ಸೊಸೆಯನ್ನು ಕುರ್ಚಿಯ ಆಚೆ ಬದಿಯಲ್ಲಿ ಮೊಣಕಾಲೂರಿ ಕೂರಿಸಿ, ಕುರ್ಚಿಯ ಮೇಲಿಂದ ಬಗ್ಗಿಸಿ, ಅದೇ ಹತ್ತು ಸಾಲುಗಳನ್ನು ಸಾಧಾರಣ ಧ್ವನಿಯಲ್ಲಿ ಹೇಳಿಸಿದೆ. ಹತ್ತಕ್ಕೆ ಹತ್ತು. ಬಾಯಿಂದ ಕಿವಿಗೆ ಇದ್ದ ಅಂತರ ಇಪ್ಪತ್ತೆರಡು ಇಂಚು.

ಲೆಕ್ಕ ಮುಗಿದಿತ್ತು. ಐದು ಸ್ಪೀಕರ್ ಬೇಡ, ವೂಫರ್ ಬೇಡ. ಮಾತನ್ನು ಮಾತ್ರ ಬಿಡುವ ಒಂದು ಸಣ್ಣ ಸ್ಪೀಕರ್, ಅವರ ಎಡಕ್ಕೆ, ಇಪ್ಪತ್ತೆರಡು ಇಂಚು ದೂರದಲ್ಲಿ. ಅಲ್ಲಿ ಕುರ್ಚಿ ಇತ್ತು, ವರ್ಷ ತುಂಬುವವರೆಗೆ ಅದರ ಮೇಲೆ ಏನನ್ನೂ ಇಟ್ಟು ಬಿಡುವಂತಿರಲಿಲ್ಲ. ಕುರ್ಚಿಯ ಮುಂದೆ ಇಟ್ಟರೆ ಹತ್ತಕ್ಕೆ ಆರು, ಹಿಂದೆ ಇಟ್ಟರೆ ಕಟ್ಟಿಗೆಯ ಬೆನ್ನು ಅಡ್ಡ ಬರುತ್ತಿತ್ತು. ಬಲಕ್ಕೆ ಇಡೋಣವೆಂದರೆ ಆ ಕಿವಿ ಕೇಳುವುದೇ ಇಲ್ಲ. ಚಾಪೆಯನ್ನು ಬೇರೆ ಕಡೆ ಹಾಸೋಣವೆಂದರೆ ತಾಯಿ ತಮ್ಮ ಜಾಗ ಬಿಟ್ಟು ಏಳಲಿಲ್ಲ. ಸ್ಪೀಕರ್ ನಿಲ್ಲಬೇಕಾದದ್ದು ಸರಿಯಾಗಿ ಅವರ ಗಂಡನ ಬಾಯಿ ಇದ್ದಲ್ಲಿ. ಕುರ್ಚಿ ಏಳಬೇಕು, ಇಲ್ಲದಿದ್ದರೆ ತಾಯಿಗೆ ಮಾತು ಕೇಳುವುದಿಲ್ಲ. ಮೂರನೆಯ ದಾರಿ ನನಗೆ ಸಿಗಲಿಲ್ಲ.

ಮಗ ಸಂಜೆ ಬಂದಾಗ ಅಳತೆ ತೋರಿಸಿದೆ. ಕುರ್ಚಿಗೆ ಕೈ ಹಚ್ಚುವ ಮಾತು ಆಡಬೇಡಿ ಎಂದರು. ಅಷ್ಟು ದೊಡ್ಡ ಸೆಟ್ ತಂದು ಮಾತು ಕೇಳಿಸಲು ಆಗಲಿಲ್ಲವೆಂದರೆ ಅದು ನಿಮ್ಮ ಕಸುಬಿನ ದೋಷ, ನಮ್ಮಪ್ಪನದಲ್ಲ ಎಂದರು. ಸರಿಯಾಗಿಯೇ ಹೇಳಿದ್ದರು.

ಒಂಬತ್ತು ದಿನ ನಾನು ಆ ಮನೆಗೆ ಹೋಗಲಿಲ್ಲ. ಹಿರೇಕೆರೂರಿನಲ್ಲಿ ಒಂದು ಮನೆಗೆ ಸೆಟ್ ಕೂರಿಸುವ ಕೆಲಸವಿತ್ತು. ಅಲ್ಲಿ ಮುಖ್ಯ ಜಾಗ ಯಾವುದು ಎಂದು ಕೇಳಲು ಬಾಯಿ ಬರಲಿಲ್ಲ. ಅವರೇ ಸೋಫಾದ ನಡುಭಾಗ ತೋರಿಸಿದರು. ಅಲ್ಲಿ ಕೂರುವವರು ಯಾರು, ಈಗ ಎಲ್ಲಿದ್ದಾರೆ ಎಂದು ಎರಡು ಸಲ ಕೇಳಿದೆ. ಆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೈಕು ನಿಲ್ಲಿಸಿ ಬಟನ್ ಒತ್ತಿದಾಗ, ಸುಮ್ಮನಿದ್ದ ಆ ಕೋಣೆಯಲ್ಲಿ, ಸ್ಟ್ಯಾಂಡಿನ ಮೇಲಿನ ಕರಿಯ ಗುಂಡು ತಲೆ ಯಾರದೋ ಮಾತಿಗೆ ಕಾದು ಕುಳಿತಂತೆ ಕಂಡಿತು. ನಾನು ಹೊರಗೆ ಹೋಗಿ ನಿಂತೆ.

ನಮ್ಮ ಮಾಲಕರು ಸವಣೂರಿನವರು, ವಯಸ್ಸಾದವರು, ರೇಡಿಯೊ ರಿಪೇರಿಯಿಂದ ಮೇಲೆ ಬಂದವರು. ಅವರಿಗೆ ಡೈರಿಯ ಪುಟ ತೋರಿಸಿದೆ. ಸೆಟ್ ವಾಪಸ್ ತರೋಣವೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಎಲ್ಲ ಅಂಕಿಗಳನ್ನೂ ಕಣ್ಣಿನ ಹತ್ತಿರ ಹಿಡಿದು ಓದಿದರು.

“ಬೇಟಾ, ಮಗನ್ನ ಕೇಳಿದಿ, ಸೊಸಿನ್ನ ಕೇಳಿದಿ. ಕಿವಿ ಯಾರದು?”

“ಅವರ ತಾಯೀದ್ರಿ.”

“ಮತ್ತ ಆಕೀನ್ನ ಕೇಳು.”

ನಾಲ್ಕನೆಯ ಭೇಟಿ ಶುಕ್ರವಾರ ಮಧ್ಯಾಹ್ನ. ಸಣ್ಣ ಸ್ಪೀಕರ್ ಮತ್ತು ಕಬ್ಬಿಣದ ಸ್ಟ್ಯಾಂಡು ತಂದಿದ್ದೆ. ಮಗನೂ ಊಟಕ್ಕೆ ಬಂದಿದ್ದರು. ಚೀಲವನ್ನು ಬಾಗಿಲಲ್ಲೇ ಇಟ್ಟು, ತಾಯಿಯ ಎಡಕ್ಕೆ ಕೂತು, ಇದ್ದ ವಿಷಯವನ್ನು ಇದ್ದಂತೆ ಹೇಳಿದೆ. ಸ್ಪೀಕರ್ ಎಲ್ಲಿ ಇಡಬೇಕಾಗುತ್ತದೆ ಎಂದು ಕೈಯಿಂದ ತೋರಿಸಿದೆ. ಮಗ ನಡುವೆ ಮಾತಾಡಲು ಹೋದರು. ತಾಯಿ ಅವರ ಕಡೆ ನೋಡಲೇ ಇಲ್ಲ, ಹಾಗಾಗಿ ಅವರ ಮಾತು ಈಕೆಗೆ ಮುಟ್ಟಲಿಲ್ಲ.

ತಾಯಿ ಕುರ್ಚಿಯನ್ನೇ ನೋಡುತ್ತಾ ಹೇಳಿದರು.

“ಅವರು ಇದ್ದ ಜಾಗಾದಾಗ ಇಡವಾ. ಬ್ಯಾರೆ ಕಡೆ ಇಟ್ರ ನನಗ ಹೆಂಗ ಕೇಳತೈತಿ.”

ತಾವೇ ಎದ್ದು ಟವೆಲನ್ನು ತೆಗೆದು ಹೆಗಲ ಮೇಲೆ ಹಾಕಿಕೊಂಡರು. ಕುರ್ಚಿಯ ಒಂದು ಕೈಯನ್ನು ತಾವು ಹಿಡಿದು, ಇನ್ನೊಂದನ್ನು ಹಿಡಿ ಎಂದು ಮಗನಿಗೆ ಸನ್ನೆ ಮಾಡಿದರು. ಮಗ ಬಂದು ಹಿಡಿದರು. ಇಬ್ಬರೂ ಸೇರಿ ಅದನ್ನು ಒಳಕೋಣೆಗೆ ಒಯ್ದರು. ಕುರ್ಚಿ ಇದ್ದಲ್ಲಿ ಟೈಲ್ಸಿನ ಮೇಲೆ ನಾಲ್ಕು ಬಿಳಿ ಗುರುತು ಉಳಿದಿದ್ದವು. ನಾನು ಸ್ಟ್ಯಾಂಡನ್ನು ಅವುಗಳ ನಡುವೆ ನಿಲ್ಲಿಸಿದೆ.

ನಡುವಿನ ಸ್ಪೀಕರಿಗೆ ಹೋಗುತ್ತಿದ್ದ ಮಾತನ್ನಷ್ಟೇ ಈ ಸ್ಪೀಕರಿಗೆ ಕೊಟ್ಟೆ. ತಗ್ಗಿನ ಧ್ವನಿ ಪೂರ್ತಿ ಕತ್ತರಿಸಿದೆ, ನೆಲಕ್ಕೆ ಏನೂ ಇಳಿಯದಂತೆ ಸ್ಟ್ಯಾಂಡಿನ ಕೆಳಗೆ ರಬ್ಬರ್ ಹಾಕಿದೆ. ತುಟಿಗೂ ಮಾತಿಗೂ ಹೊಂದುವವರೆಗೆ ಸ್ವಲ್ಪ ಸ್ವಲ್ಪವೇ ತಡ ಕೊಟ್ಟೆ. ವೈರನ್ನು ಸೊಸೆ ತಂದು ಹಾಸಿದ ಜಮಖಾನದ ಕೆಳಗೆ ಹಾಯಿಸಿದೆ. ಮೊದಲ ಶಬ್ದ ಬಂದಾಗ ತಾಯಿ ಬೆಚ್ಚಿ ಎಡಕ್ಕೆ ತಿರುಗಿದರು. ಸ್ಪೀಕರನ್ನು ನೋಡಿ, ಮತ್ತೆ ನಿಧಾನವಾಗಿ ಟಿವಿ ಕಡೆ ಮುಖ ಮಾಡಿದರು. ಹತ್ತು ಸಾಲಿನ ಪರೀಕ್ಷೆ ಮಾಡಿದೆ. ಒಂಬತ್ತು. ಗೋಡೆಗೆ ಒರಗಿ ನಿಂತಿದ್ದ ಮಗ ಕೆಳಗೆ ಕೂತರು.

ಪರೀಕ್ಷೆ ಸಾಕು, ಧಾರಾವಾಹಿ ಹಚ್ಚು ಎಂದು ತಾಯಿ ಹೇಳಿದರು. ಮೂರು ವರ್ಷದಿಂದ ನಡೆಯುತ್ತಿದ್ದ ಒಂದು ಧಾರಾವಾಹಿಯ ಮಧ್ಯಾಹ್ನದ ಮರುಪ್ರಸಾರ. ಜರತಾರಿ ಸೀರೆಯ ಅತ್ತೆ ನಗುನಗುತ್ತಾ ಸೊಸೆಗೆ ಊಟ ಬಡಿಸುತ್ತಿದ್ದಳು. ಬಡಿಸುತ್ತಾ ಅದೇ ನಗುವಿನಲ್ಲಿ ಆಕೆಯ ತವರನ್ನೂ ಬಸಿರನ್ನೂ ಶಪಿಸುತ್ತಿದ್ದಳು. ತಾಯಿ ಮುಂದಕ್ಕೆ ಬಾಗಿದರು. ಹಣೆ ಗಂಟಿಕ್ಕಿತು.

“ಈಕಿ ಯಾಕ ಹಿಂಗ ಮಾತಾಡಾಕತ್ತಾಳ? ಈಕಿ ಒಳ್ಳೇಕಿ ಅಲ್ಲೇನು?”

ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಆಮೇಲೆ ಹತ್ತಿರ ಬಂದು, ಆಕೆ ಮೊದಲಿನಿಂದಲೂ ಹಾಗೇ, ಮನೆಹಾಳಿ ಎಂದರು. ತಾಯಿ ನಂಬಲಿಲ್ಲ. ಊಟ ಆಯಿತೇನು, ದಣಿದೀ ಏನು ಎಂದು ಸೊಸೆಯನ್ನು ದಿನಾ ಕೇಳುವ ಹೆಂಗಸು ಇವಳು, ಯಜಮಾನರು ಹಾಗೆ ಹೇಳುತ್ತಿದ್ದರು ಎಂದರು.

“ಮಾವಾರು ಹಂಗ ಹೇಳತಿದ್ರರೀ ಅತ್ತಿ. ನಿಮಗ ಬ್ಯಾಸರ ಆಗಬಾರದಂತ. ನಾವೂ ಸುಮ್ಮನಿರತಿದ್ವಿ.”

ತಾಯಿ ಸೊಸೆಯ ಮುಖವನ್ನೂ ಟಿವಿಯನ್ನೂ ಎರಡು ಮೂರು ಸಲ ನೋಡಿದರು. ಮೊದಲು ಅವರಿಗೂ ನಗು ಬಂತು. ಕಿಲಾಡಿ ಮನುಷ್ಯ ಎಂದು ತಲೆಯಾಡಿಸಿದರು. ಆ ನಗು ಹಾಗೇ ನಿಂತಿತು. ಅವರು ಏನನ್ನೋ ಹಿಂದಕ್ಕೆ ಹಿಂದಕ್ಕೆ ಎಣಿಸಿಕೊಂಡು ಹೋಗುತ್ತಿರುವುದು ನನಗೆ ಕಾಣುತ್ತಿತ್ತು. ಅದು ನನ್ನ ಕೆಲಸದಿಂದ ಆದದ್ದು. ರಿಮೋಟು ಕೈಯಲ್ಲಿತ್ತು, ಏನು ಮಾಡಬೇಕೆಂದು ತಿಳಿಯದೆ ಧ್ವನಿ ತಗ್ಗಿಸಿದೆ.

ತಾಯಿ ಮಗನ ಕಡೆ ತಿರುಗಿದರು.

“ನಿನ್ನ ಸೋದರಮಾವ ಹಾನಗಲ್ಲಿಂದ ಬಂದಿದ್ದನಲ್ಲ, ನಾಕ ವರ್ಷದ ಹಿಂದ. ಈ ಬಾಗಲದಾಗ ನಿಂತ, ಒಳಗ ಬರಲಿಲ್ಲ. ನೀನೂ ಇಲ್ಲೇ ಇದ್ದಿ. ಬಸ್ಸಿಗೆ ಹೊತ್ತಾತಂತ, ಇನ್ನೊಮ್ಮೆ ಬರ್ತಾನಂತ ಅಂತ ನಿಮ್ಮಪ್ಪ ನನಗ ಹೇಳಿದ್ರು. ಅಂವ ಏನಂದಿದ್ದ?”

ಸೊಸೆ ಒಳಗೆ ಹೋದರು. ತಾಯಿ ಚಾಪೆಯ ಮೇಲೆ ಸರಿದು ಕೂತು, ಎಡಗಿವಿ ಮಗನ ಕಡೆ ಇರುವಂತೆ ಮುಖ ತಿರುಗಿಸಿದರು. ಅಣ್ಣ ಆಮೇಲೆ ಒಮ್ಮೆಯೂ ಬಂದಿಲ್ಲ, ತಮಗೆ ತವರೆಂದರೆ ಅವನೊಬ್ಬನೇ ಎಂದರು.

ಮಗ ಮೊಣಕಾಲೂರಿ ಹತ್ತಿರ ಬಂದರು. ಸ್ಟ್ಯಾಂಡನ್ನು ಸ್ವಲ್ಪ ಸರಿಸಿ, ಅದು ಇದ್ದಲ್ಲಿ ತಾವು ಬಗ್ಗಿದರು.

“ಬಸ್ಸಿಗೆ ಹೊತ್ತಾಗೇತಿ ಅಂದಿದ್ದನವ್ವಾ.”

ತಾಯಿ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಪ್ರತಿ ಅಕ್ಷರವೂ ಮುಟ್ಟಿತ್ತು. ಕಣ್ಣು ತೆರೆದು ಮಗನ ಕೆನ್ನೆಯನ್ನು ಹಿಂಗೈಯಿಂದ ಒಮ್ಮೆ ಮುಟ್ಟಿದರು.

“ನಾಕ ವರ್ಷ ಆತಲ್ಲೋ. ಆ ಬಸ್ಸು ಇನ್ನೂ ಹಾನಗಲ್ ಮುಟ್ಟಿಲ್ಲೇನು?”

ಮಗ ತಲೆ ತಗ್ಗಿಸಿದರು. ನಾನು ಟಿವಿ ಆರಿಸಲು ರಿಮೋಟು ಎತ್ತಿದೆ. ತಾಯಿ ನನ್ನ ಕಡೆ ನೋಡದೆ, ಬೇಡ ಎಂದು ಕೈ ಮಾಡಿದರು. ಸ್ಟ್ಯಾಂಡನ್ನು ತಾವೇ ಎಳೆದು ಹತ್ತಿರ ಇಟ್ಟುಕೊಂಡರು, ನಾನು ಅಳೆದದ್ದಕ್ಕಿಂತಲೂ ಹತ್ತಿರ. ಧ್ವನಿ ಮೊದಲಿನಷ್ಟೇ ಮಾಡು ಎಂದರು. ಮಾಡಿದೆ.